ಹಾಯಿದೋಣಿಯ ಕಂಬಕ್ಕೆ ಹೊಸ ತಂತಿ: ಅಳತೆಯಿಂದ ಬಿಗಿತದವರೆಗೆ

ಬೀದರಿನ ಕಾರಂಜಾ ಜಲಾಶಯದಲ್ಲಾಗಲಿ, ಯಾದಗಿರಿ ಜಿಲ್ಲೆಯ ನಾರಾಯಣಪುರದ ಬಸವಸಾಗರದಲ್ಲಾಗಲಿ ಹಾಯಿ ಬಿಚ್ಚಿದ ದೋಣಿ ಕಾಣುವುದು ಅಪರೂಪ. ಮೀನುಗಾರರ ತೆಪ್ಪ, ಹರಿಗೋಲು ಉಂಟು. ಹಾಯಿದೋಣಿ ಇಟ್ಟವರು ಬೆರಳೆಣಿಕೆ. ಅವರ ಹತ್ತಿರ ಇರುವುದೂ ಹೆಚ್ಚಾಗಿ ಹೈದರಾಬಾದ್ ಕಡೆಯಿಂದ ಸೆಕೆಂಡ್‌ಹ್ಯಾಂಡ್ ತಂದ 12–14 ಅಡಿಯ ಫೈಬರ್ ದೋಣಿ. ದೋಣಿಯೊಂದಿಗೆ ಯಾವ ಕಾಲದ್ದೋ ಗೊತ್ತಿಲ್ಲದ ಮೂರು ತಂತಿಗಳೂ ಬಂದಿರುತ್ತವೆ. ಕಲಬುರಗಿಯಲ್ಲಿ ಅವನ್ನು ಬದಲಿಸಿಕೊಡುವ ಅಂಗಡಿ ಇಲ್ಲ. ಮಾಡಿದರೆ ನಾವೇ ಮಾಡಬೇಕು. ಕೆಲಸ ಕಷ್ಟದ್ದಲ್ಲ, ಆದರೆ ಅವಸರಕ್ಕೆ ಒಗ್ಗುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ದೋಣಿ ದಂಡೆಯ ಮೇಲಿರುವಾಗ ಹಿಡಿದು, ಮೃಗಶಿರಾ ಮಳೆ ಕೂಡುವ ಮೊದಲು ಮುಗಿಸಿಬಿಡಿ. ಜೂನ್‌ನಿಂದ ಬೀಸುವ ಪಡುವಣ ಗಾಳಿಗೆ ಹಳೆಯ ತಂತಿ ಒಡ್ಡುವುದು ಬೇಡ.

ಯಾವ ತಂತಿ, ಯಾಕೆ

ರಸ್ತೆ ತಿರುವಿನಲ್ಲಿ ನಿಂತ ಕರೆಂಟ್ ಕಂಬಕ್ಕೆ ಜೆಸ್ಕಾಂನವರು ನೆಲಕ್ಕೆ ಎಳೆದು ಕಟ್ಟುವ ಸ್ಟೇ ವೈರ್ ನೋಡಿದ್ದೀರಲ್ಲ, ದೋಣಿಯ ಹಾಯಿಕಂಬಕ್ಕೂ ಅದೇ ವ್ಯವಸ್ಥೆ. ಎರಡು ಪಕ್ಕಕ್ಕೆ ಎರಡು ತಂತಿ, ಇವು ಶ್ರೌಡ್. ಮೂತಿಯ ಕಡೆ ಒಂದು, ಅದು ಫೋರ್‌ಸ್ಟೇ. ದೊಡ್ಡ ದೋಣಿಗಳಲ್ಲಿ ಹಿಂದಕ್ಕೂ ಒಂದು ಇರುತ್ತದೆ, ಸಣ್ಣವಕ್ಕೆ ಶ್ರೌಡ್‌ಗಳನ್ನೇ ಕಂಬಕ್ಕಿಂತ ಸ್ವಲ್ಪ ಹಿಂದೆ ಕಟ್ಟಿ ಆ ಕೆಲಸವನ್ನೂ ಮಾಡಿಸುತ್ತಾರೆ. ಹಾಯಿ ಏರಿಸಿ ಇಳಿಸುವ ಹಗ್ಗ ಓಡಾಡುತ್ತದೆ. ಈ ಮೂರು ಮಾತ್ರ ಕಟ್ಟಿದಲ್ಲೇ ನಿಂತಿರುತ್ತವೆ.

ನಿಂತಿರುತ್ತವೆ ಅಂದೆನೇ ಹೊರತು ಸುಮ್ಮನಿರುತ್ತವೆ ಅನ್ನಲಿಲ್ಲ. ಹಾಯಿ ಒಂದು ಬದಿಗೆ ವಾಲಿದಾಗ ಗಾಳಿ ಬದಿಯ ಶ್ರೌಡ್ ಬಿಗಿಯುತ್ತದೆ, ಮರೆ ಬದಿಯದ್ದು ಸಡಿಲಾಗಿ ಅಲುಗಾಡುತ್ತದೆ. ತಿರುಗಿದಾಗ ಉಲ್ಟಾ. ಟ್ರೇಲರ್ ಮೇಲೆ ಕಂಬ ಮಲಗಿಸಿ ಹುಮನಾಬಾದ್ ದಾರಿಯಲ್ಲಿ ಸಾಗಿಸುವಾಗಲೂ ಅಷ್ಟೇ: ತಂತಿ ಅದುರುತ್ತಲೇ ಇರುತ್ತದೆ. ಪ್ರತಿ ಅಲುಗಾಟವೂ ತಂತಿ ಗಟ್ಟಿ ತುಂಡಿನೊಳಗೆ ಹೊಕ್ಕುವ ಜಾಗದಲ್ಲಿ, ಅಂದರೆ ತುದಿಯ ಜೋಡಣೆಯ ಬಾಯಲ್ಲಿ, ಅದನ್ನು ಕೂದಲೆಳೆಯಷ್ಟು ಬಗ್ಗಿಸಿ ಬಿಡುತ್ತದೆ. ಸಮುದ್ರದ ದೋಣಿಗಳ ತಂತಿಯನ್ನು ಉಪ್ಪು ತಿನ್ನುತ್ತದೆ. ನಮ್ಮದು ಸಿಹಿನೀರು, ತುಕ್ಕಿನ ಕಾಟ ಕಡಿಮೆ. ಇಲ್ಲಿ ತಂತಿ ಹೋಗುವುದು ಬಗ್ಗಿ ಬಗ್ಗಿ ದಣಿದು. ನಾಲ್ಕೂವರೆ ಮೀಟರ್ ತಂತಿಯ ನಡುಭಾಗ ಹೊಳೆಯುತ್ತಿದ್ದರೂ ತುದಿಯ ಎರಡು ಇಂಚು ಸತ್ತಿರಬಹುದು. ಪರೀಕ್ಷೆ, ತಯಾರಿ, ಕಟ್ಟುವುದು, ನೋಡಿಕೊಳ್ಳುವುದು ಎಲ್ಲದರಲ್ಲೂ ನಿಮ್ಮ ಗಮನ ಆ ಎರಡಿಂಚಿನ ಮೇಲಿರಲಿ.

ಹಳೆಯದನ್ನು ಪರೀಕ್ಷಿಸುವುದು

ಮೊದಲು ತುದಿಗೆ ಸುತ್ತಿದ ಟೇಪ್ ಎಲ್ಲ ಕಿತ್ತುಹಾಕಿ. ಟೇಪ್ ಒಳಗೆ ತೇವ ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಮೇಲಿನ ಕಾಪಾಡುವ ಪದರ ಉಳಿಯಲು ಆಮ್ಲಜನಕ ಬೇಕು. ಅದು ಸಿಗದ ಸಂದಿನಲ್ಲಿ ಸಿಹಿನೀರಿದ್ದರೂ ಕಂದು ಕಲೆ ಏಳುತ್ತದೆ.

ಆಮೇಲೆ ಒಂದು ಹಿಡಿ ಅರಳೆ ತಗೊಂಡು ತಂತಿಯ ಉದ್ದಕ್ಕೂ ಎಳೆಯಿರಿ. ಒಂದೇ ಒಂದು ಎಳೆ ಮುರಿದು ಎದ್ದಿದ್ದರೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಮಾತ್ರ ಬೇಡ, ಮುರಿದ ಎಳೆ ಸೂಜಿಗಿಂತ ಕೆಟ್ಟದ್ದು. ಹತ್ತೊಂಬತ್ತು ಎಳೆಗಳಲ್ಲಿ ಒಂದು ಹೋದರೆ ಶೇಕಡ 5ರಷ್ಟು ಬಲ ತಾನೇ ಹೋಯಿತು ಎಂದು ಲೆಕ್ಕ ಹಾಕುವವರಿದ್ದಾರೆ. ಲೆಕ್ಕ ಸರಿ, ತೀರ್ಮಾನ ತಪ್ಪು. ಆ ಒಂದು ಎಳೆಯಷ್ಟೇ ಸಲ ಉಳಿದ ಹದಿನೆಂಟೂ ಬಗ್ಗಿವೆ. ಒಂದು ಮುರಿದ ಎಳೆ ಕಂಡರೆ ಆ ತಂತಿ ಗುಜರಿಗೆ, ಅದರ ಜೋಡಿಯೂ ಜೊತೆಗೆ.

ಮೂರನೆಯದು ತುದಿಯ ಜೋಡಣೆ. ಭೂತಗನ್ನಡಿ ಹಿಡಿದು ನೋಡಿ: ಫೆರುಲ್ (ತಂತಿಯ ಮಡಿಕೆಯನ್ನು ಒತ್ತಿ ಹಿಡಿಯುವ ಲೋಹದ ತೋಳು) ಅಥವಾ ಒತ್ತಿದ ಕೊಳವೆಯ ಉದ್ದಕ್ಕೆ ಕೂದಲಿನಂಥ ಬಿರುಕು, ಬಾಯಲ್ಲಿ ಕಂದು ಸೋರಿಕೆ, ತಂತಿ ಒಳಗಿನಿಂದ ಜಾರಿದ ಗುರುತು, ಕುಣಿಕೆಯೊಳಗೆ ಕೂರುವ ಲೋಹದ ಬಳೆ, ಅಂದರೆ ಥಿಂಬಲ್, ಚಪ್ಪಟೆಯಾಗಿ ತಂತಿ ಹೊರಗೆ ಬಂದಿರುವುದು. ಅನುಮಾನ ಉಳಿದರೆ ಡೈ ಪೆನಿಟ್ರಂಟ್ ಕಿಟ್ ಉಂಟು. ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಬಿರುಕು ಕೆಂಪು ಗೆರೆಯಾಗಿ ಏಳುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ರಿಪೇರಿ ಕೆಲಸಕ್ಕೆ ಹೋಗುವ ವೆಲ್ಡರ್‌ಗಳನ್ನು ಕೇಳಿ ನೋಡಿ, ಅವರಿಗೆ ಇದು ಹೊಸದಲ್ಲ.

ಗಂಟಿನಂತೆ ಒಮ್ಮೆ ಮಡಚಿಕೊಂಡ ತಂತಿಯನ್ನು ನೆಟ್ಟಗೆ ಮಾಡಿ ಬಳಸುವಂತಿಲ್ಲ. ವಯಸ್ಸು ಗೊತ್ತಿಲ್ಲದ್ದನ್ನೂ ಬದಲಿಸಿಬಿಡಿ. ತಂತಿಯ ಖರ್ಚು ಕಂಬದ ಖರ್ಚಿನ ಒಂದು ಸಣ್ಣ ಪಾಲು.

ತಂತಿಯ ಆಯ್ಕೆ

ಅಂಗಡಿಯಲ್ಲಿ ಮೂರು ಹೆಣಿಗೆ ಸಿಗುತ್ತವೆ. 1×19 ಎಂದರೆ ಹತ್ತೊಂಬತ್ತು ದಪ್ಪ ಎಳೆಗಳ ಒಂದೇ ಕಟ್ಟು: ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು. ಗಡಸು, ಹಿಗ್ಗುವುದು ಕಡಿಮೆ, ಬಲ ಹೆಚ್ಚು. 7×7 ರಲ್ಲಿ ಏಳು ಎಳೆಗಳ ಏಳು ಕಟ್ಟು, ಒಟ್ಟು 49, ಸ್ವಲ್ಪ ಬಾಗುತ್ತದೆ. 7×19 ರಲ್ಲಿ 133 ಸಣ್ಣ ಎಳೆಗಳು. ರಾಟೆ ಮೇಲೆ ಓಡಲು ಚೆನ್ನ, ನಿಂತ ತಂತಿಗೆ ಬೇಡ, ಹಿಗ್ಗುತ್ತದೆ.

ಎಷ್ಟು ದಪ್ಪ ಬೇಕು? ಊಹೆ ಬೇಡ, ಸ್ಥೂಲ ಲೆಕ್ಕ ಸಾಕು. 65 ಕೆ.ಜಿ.ಯ ಇಬ್ಬರು ಅಂಚಿಗೆ ಬಂದು ನಡುಗೆರೆಯಿಂದ 0.8 ಮೀಟರ್ ಆಚೆ ಕುಳಿತರೆ 130 × 0.8 = 104. ಒಡಲಿನ ತೂಕವೂ ದೋಣಿಯನ್ನು ನೆಟ್ಟಗೆ ನಿಲ್ಲಿಸಲು ನೋಡುತ್ತದಲ್ಲ, ಅದಕ್ಕೆ 26 ಸೇರಿಸಿ: 130 ಕೆ.ಜಿ.-ಮೀಟರ್. ಶ್ರೌಡ್‌ನ ಕೆಳತುದಿ ಕಟ್ಟಲು ಒಡಲಿಗೆ ಬಿಗಿದ ಲೋಹದ ಪಟ್ಟಿ, ಅಂದರೆ ಚೈನ್‌ಪ್ಲೇಟ್, ಕಂಬದಿಂದ 0.65 ಮೀಟರ್ ದೂರದಲ್ಲಿದ್ದರೆ, 130ನ್ನು 0.65ರಿಂದ ಭಾಗಿಸಿ. 200 ಕೆ.ಜಿ. ಬಂತು. ಜೋರು ಗಾಳಿಯ ಜಗ್ಗಾಟಕ್ಕೆ, ದಣಿವಿಗೆ, ಜೋಡಣೆಯ ಕೊರತೆಗೆ ಸೇರಿಸಿ ಅದರ ಮೂರು ಪಟ್ಟು ಇಟ್ಟುಕೊಳ್ಳಿ: 600.

ಈಗ ತಂತಿಗಳನ್ನು ನೋಡಿ. 3 ಮಿ.ಮೀ.ಯ 1×19 ಸ್ಟೇನ್‌ಲೆಸ್ ತುಂಡಾಗುವುದು ಸುಮಾರು 700 ಕೆ.ಜಿ.ಗೆ. ಅದೇ ದಪ್ಪದ 7×7 ಸುಮಾರು 500ಕ್ಕೆ. ನಮ್ಮ ಲೆಕ್ಕಕ್ಕೆ ಸಾಲದು. 4 ಮಿ.ಮೀ.ಯ 7×7 ಆದರೆ 900ರ ಆಸುಪಾಸು. ಅಲ್ಲಿಗೆ ಆಯ್ಕೆ ಎರಡಕ್ಕಿಳಿಯಿತು: 3 ಮಿ.ಮೀ.ಯ 1×19, ಇಲ್ಲವೇ 4 ಮಿ.ಮೀ.ಯ 7×7. ರೇಸಿಗೆ ಹೋಗುವವರಿಗೆ ಮೊದಲನೆಯದು. ಮನೆಯಲ್ಲಿ ಕೈಯಿಂದ ಒತ್ತಿ ಮಾಡುವವರಿಗೆ ನನ್ನ ಮತ ಎರಡನೆಯದಕ್ಕೆ. 1×19 ಎಷ್ಟು ಗಡಸೆಂದರೆ ಸಣ್ಣ ಥಿಂಬಲ್ ಸುತ್ತ ಮಡಿಸುವುದೇ ಜಗಳ, ಮಡಿಸಿದ ಕಡೆ ಎಳೆಗಳು ಬಾಯಿ ಬಿಡುತ್ತವೆ. ಕೈಯಲ್ಲಿ ಒತ್ತುವ ಫೆರುಲ್‌ಗಳನ್ನು ಮಾಡಿರುವುದೂ ಮುಖ್ಯವಾಗಿ 7×7, 7×19ಕ್ಕೆ.

ಬೋರ್‌ವೆಲ್ ಮೋಟರ್ ಇಳಿಸುವ ವೈರ್ ರೋಪ್ ಇಲ್ಲೇ ಸಿಗುತ್ತದೆ. "ಇದಕ್ಯಾಕ್ರೀ ಸಾಹೇಬ್ರ ಹೈದ್ರಾಬಾದ್‌ಗೆ ಹೋಗ್ತೀರಿ, ಇದೇ ಒಯ್ರಿ, ಆನಿ ಕಟ್ಟಿದ್ರೂ ಹರಿಯಂಗಿಲ್ಲ" ಎಂದು ಅಂಗಡಿಯವರು ಹೇಳುತ್ತಾರೆ. ಹರಿಯುವುದಿಲ್ಲ ನಿಜ. ಅದರಲ್ಲಿ ಹಲವು ನಡುವೆ ನಾರಿನ ತಿರುಳಿರುವ ಮೆತ್ತನೆ ಹಗ್ಗಗಳು. ಬಿಗಿದಷ್ಟೂ ಹಿಗ್ಗಿ ಕಂಬ ಓಲಾಡುತ್ತದೆ. ಪೂರ್ತಿ ಉಕ್ಕಿನ ತಿರುಳಿನ ಗ್ಯಾಲ್ವನೈಸ್ಡ್ 7×7 ಸಿಕ್ಕರೆ ಅದು ಬೇರೆ ಮಾತು. ಸಿಹಿನೀರಿನಲ್ಲಿ ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ಸತುವಿನ ಲೇಪ ಮುಗಿದ ಮೇಲೆ ಕೆಂಪಗಾಗಿ ಮುನ್ಸೂಚನೆ ಕೊಡುತ್ತದೆ. ಸ್ಟೇನ್‌ಲೆಸ್ ಹೊಳೆಯುತ್ತಲೇ ತುಂಡಾಗುತ್ತದೆ.

ಸ್ಟೇನ್‌ಲೆಸ್‌ನಲ್ಲಿ 304, 316 ಎಂಬ ಎರಡು ದರ್ಜೆ. 316ರಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಹೆಚ್ಚು ತಡೆಯುತ್ತದೆ. ಕಾರಂಜಾಕ್ಕೆ 304 ಸಾಕು. ಗೋವಾಕ್ಕೆ ಒಯ್ಯುವ ಯೋಚನೆ ಇದ್ದರೆ 316. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ದರ್ಜೆ ತೋರಿಸಿದರೆ ನಂಬಬೇಡಿ. ತಣ್ಣಗೆ ಎಳೆದು ತಂತಿ ಮಾಡಿದಾಗ ಒಳ್ಳೆಯ ಸ್ಟೇನ್‌ಲೆಸ್ ಕೂಡ ಅಲ್ಪಸ್ವಲ್ಪ ಅಂಟುತ್ತದೆ. ಬಿಲ್ಲಿನ ಮೇಲೆ ದರ್ಜೆ ಬರೆಸಿಕೊಳ್ಳಿ, ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಸಿಕಂದರಾಬಾದಿನ ರಾಣಿಗಂಜ್ ಕಡೆ ವೈರ್ ರೋಪ್ ಮಾರುವವರಲ್ಲಿ ಮೀಟರ್ ಲೆಕ್ಕಕ್ಕೂ ಕೊಡುವವರು ಸಿಗುತ್ತಾರೆ. ತರುವಾಗ ಎರಡಡಿಗಿಂತ ಚಿಕ್ಕ ಸುರುಳಿ ಮಾಡಬೇಡಿ. ಬಿಚ್ಚುವಾಗ ಸುರುಳಿಯನ್ನು ನೆಲದ ಮೇಲೆ ಉರುಳಿಸಿ ಬಿಚ್ಚಿ. ಪಕ್ಕದಿಂದ ಎಳೆದರೆ ತಿರುಚು ಬಿದ್ದು ಮಡಚಿಕೊಳ್ಳುತ್ತದೆ.

ಸಾಮಾನು, ಸಲಕರಣೆ

ಪ್ರತಿ ತುದಿಗೆ ಒಂದು ಸ್ಟೇನ್‌ಲೆಸ್ ಥಿಂಬಲ್, ಒಂದು ಫೆರುಲ್. ಫೆರುಲ್ ತಾಮ್ರದ್ದೇ ಇರಲಿ, ಮೇಲೆ ತವರ ಅಥವಾ ನಿಕಲ್ ಲೇಪ ಇದ್ದರೂ ಸರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಅಲ್ಯುಮಿನಿಯಂ ಫೆರುಲ್. ಅದು ಗ್ಯಾಲ್ವನೈಸ್ಡ್ ತಂತಿಯದ್ದು. ಸ್ಟೇನ್‌ಲೆಸ್ ಜೊತೆ ಸೇರಿ ಒದ್ದೆಯಾದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ. ಇದೊಂದು ವಿಷಯದಲ್ಲಿ ರಾಜಿ ಬೇಡ.

ಒತ್ತಲು ಉದ್ದ ಹಿಡಿಕೆಯ ಸ್ವೇಜಿಂಗ್ ಟೂಲ್ ಬೇಕು, ಇಲ್ಲವೇ ಎರಡು ಬೋಲ್ಟ್ ಬಿಗಿದು ಒತ್ತುವ ಸಣ್ಣ ಅಚ್ಚು. ಮೂರು ತಂತಿಗೆ ಆರು ತುದಿ. ಸಣ್ಣ ಅಚ್ಚೇ ಸಾಕು, ತಾಳ್ಮೆ ಇದ್ದರೆ. ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಹೈಡ್ರಾಲಿಕ್ ಲಗ್ ಕ್ರಿಂಪರ್ ನೋಡಿ ಆಸೆಯಾಗುತ್ತದೆ. ಅದರ ಅಚ್ಚು ಕೇಬಲ್ ಲಗ್‌ನ ಅಳತೆಯದ್ದು, ಆರು ಮೂಲೆಯದ್ದು. ಒತ್ತಿದ್ದು ಗಟ್ಟಿಯಾದಂತೆ ಕಂಡರೂ ಹಿಡಿತ ಎಷ್ಟೆಂದು ಹೇಳಲಾಗದು. ಅದರ ಜೊತೆ ಕೇಬಲ್ ಕಟರ್, ವರ್ನಿಯರ್, ಸ್ಟೀಲ್ ಟೇಪ್, ಕನ್ನಡಕ, ಚರ್ಮದ ಕೈಗವಸು. ಕಟರ್ ಇಲ್ಲದಿದ್ದರೆ 1 ಮಿ.ಮೀ. ಡಿಸ್ಕ್ ಹಾಕಿದ ಆ್ಯಂಗಲ್ ಗ್ರೈಂಡರ್ ನಡೆಯುತ್ತದೆ. ಕತ್ತರಿಸುವ ಜಾಗಕ್ಕೆ ಮೊದಲು ಟೇಪ್ ಬಿಗಿದು ಸುತ್ತಿ, ಇಲ್ಲದಿದ್ದರೆ ಎಳೆಗಳು ಕೆದರಿ ಫೆರುಲ್ ಒಳಗೆ ಹೋಗುವುದೇ ಇಲ್ಲ. ಬೋಲ್ಟ್ ಕಟರ್ ತಂತಿಯನ್ನು ಜಜ್ಜುತ್ತದೆ.

ಅಳತೆ

ಕಂಬ ಇಳಿಸುವ ಮೊದಲು ಒಂದು ಕೆಲಸ ಮಾಡಿ. ಹಾಯಿ ಏರಿಸುವ ಹಗ್ಗಕ್ಕೆ ಸ್ಟೀಲ್ ಟೇಪ್ ಕಟ್ಟಿ ಮೇಲೆತ್ತಿ, ಕಂಬದ ತುದಿಯಿಂದ ದೋಣಿಯ ಹಿಂಬದಿ ಅಂಚಿನ ನಡುವಿಗೆ ಎಷ್ಟಿದೆ ಬರೆದುಕೊಳ್ಳಿ. ಎರಡು ಬದಿಯ ಚೈನ್‌ಪ್ಲೇಟ್‌ಗೂ ಅಳೆಯಿರಿ. ಕಂಬ ಎಷ್ಟು ಹಿಂದಕ್ಕೆ ವಾಲಿದೆ, ಒಂದು ಬದಿಗೆ ಸರಿದಿದೆಯೇ ಎಂಬುದು ಈ ಮೂರು ಅಂಕಿಯಲ್ಲಿದೆ. ಶ್ರೌಡ್‌ನ ಉದ್ದ ಹೊಂದಿಸುವ ತೂತುಪಟ್ಟಿಯ, ಅಂದರೆ ಅಡ್ಜಸ್ಟರ್ ಪ್ಲೇಟಿನ, ಯಾವ ತೂತಿನಲ್ಲಿ ಪಿನ್ ಇತ್ತು ಎಂಬುದರ ಫೋಟೊ ತೆಗೆಯಿರಿ.

ತಂತಿ ಕಳಚಿದ ಮೇಲೆ ಅಂಗಳದ ಶಹಾಬಾದ್ ಪರ್ಸಿಯ ಮೇಲೆ ಎಳೆದು ಮಲಗಿಸಿ. ಕಲ್ಲುಗಳ ಸಂದುಗೆರೆ ನೇರ ಇರುವುದರಿಂದ ತಂತಿ ಓರೆಯಾದರೆ ಕಣ್ಣಿಗೆ ಬೀಳುತ್ತದೆ. ಅಳೆಯುವುದು ಪಿನ್ ಕೂರುವಲ್ಲಿಂದ ಪಿನ್ ಕೂರುವಲ್ಲಿಗೆ, ಅಂದರೆ ಒಂದು ಥಿಂಬಲ್‌ನ ಒಳಕಮಾನಿನಿಂದ ಇನ್ನೊಂದರ ಒಳಕಮಾನಿಗೆ. ತಂತಿಯ ಹೊರತುದಿಗೆ ಅಳೆದರೆ ಎರಡು ತುದಿ ಸೇರಿ ಒಂದೆರಡು ಸೆಂಟಿಮೀಟರ್ ತಪ್ಪುತ್ತದೆ.

ಹಳೆಯ ತಂತಿಯೇ ಇಲ್ಲದಿದ್ದರೆ ಲೆಕ್ಕದಿಂದ ಶುರು ಮಾಡಿ. ಕಂಬದ ಮೇಲೆ ಶ್ರೌಡ್ ಕಟ್ಟುವ ಜಾಗ ಚೈನ್‌ಪ್ಲೇಟಿಗಿಂತ 4.6 ಮೀಟರ್ ಎತ್ತರ, ಅಡ್ಡಕ್ಕೆ 0.65, ಹಿಂದಕ್ಕೆ 0.3 ಇದೆ ಅನ್ನಿ. ಮೂರರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 4.655 ಮೀಟರ್. ಇದರಲ್ಲಿ ಅಡ್ಜಸ್ಟರ್ ಪ್ಲೇಟ್ ಅಥವಾ ಟರ್ನ್‌ಬಕಲ್‌ನ (ತಿರುಗಿಸಿ ತಂತಿ ಬಿಗಿಯುವ ತಿರುಪು) ಉದ್ದ ಕಳೆಯಿರಿ. ಕಳೆಯುವಾಗ ಟರ್ನ್‌ಬಕಲ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೆರೆದಿರಲಿ. ತಂತಿ ಮುಂದೆ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ, ಬಿಗಿಯಲು ಜಾಗ ಬೇಕು. ಆಮೇಲೆ ಕಂಬವನ್ನು ಹಗ್ಗದಲ್ಲಿ ತಾತ್ಕಾಲಿಕವಾಗಿ ಕಟ್ಟಿ ನಿಲ್ಲಿಸಿ, ಲೆಕ್ಕವನ್ನು ಟೇಪಿನಿಂದ ತಾಳೆ ನೋಡಿ.

ಮೊದಲ ತುದಿ

ಪಿನ್-ಪಿನ್ ಅಳತೆಗಿಂತ ಅರ್ಧ ಮೀಟರ್ ಮೇಲೆಯೇ ಉದ್ದವಾಗಿ ತಂತಿ ಕತ್ತರಿಸಿ. ಅದು ಏಕೆಂದು ಮುಂದೆ ಗೊತ್ತಾಗುತ್ತದೆ.

1. ಫೆರುಲ್ ಒಳಗೆ ತಂತಿ ತೂರಿಸಿ, ಥಿಂಬಲ್‌ನ ತೋಡಿನಲ್ಲಿ ಸುತ್ತಿಸಿ, ತುದಿಯನ್ನು ಫೆರುಲ್‌ನ ಇನ್ನೊಂದು ಬಾಯಿಂದ ವಾಪಸ್ ತನ್ನಿ. ತುದಿ ಎರಡು ಮೂರು ಮಿ.ಮೀ. ಹೊರಗೆ ಕಾಣಲೇಬೇಕು. ಒಳಗೇ ನಿಂತರೆ ಫೆರುಲ್‌ನ ಪೂರ್ತಿ ಉದ್ದ ಹಿಡಿಯುತ್ತಿಲ್ಲ ಎಂದರ್ಥ.

2. ಥಿಂಬಲ್ ಸುತ್ತ ತಂತಿ ಸಡಿಲ ಬಿಡದಂತೆ ಎಳೆದು, ಫೆರುಲ್ ಅನ್ನು ಥಿಂಬಲ್‌ನ ಮೊನೆಯ ಹತ್ತಿರಕ್ಕೆ ತಳ್ಳಿ. ಪೂರ್ತಿ ತಾಗಿಸಬೇಡಿ. ಒತ್ತಿದಾಗ ಫೆರುಲ್ ಉದ್ದವಾಗುತ್ತದೆ: 3 ಮಿ.ಮೀ. ತಂತಿಯದ್ದು ಸುಮಾರು 14 ಮಿ.ಮೀ. ಇದ್ದದ್ದು 19 ಆಗುತ್ತದೆ. ಅದಕ್ಕೆ ಎರಡು ಮೂರು ಮಿ.ಮೀ. ಜಾಗ ಇರಲಿ.

3. ಮೊದಲ ಒತ್ತು ನಡುವೆ. ಎರಡನೆಯದು ಥಿಂಬಲ್ ಕಡೆ. ಮೂರನೆಯದು ಆಚೆ ತುದಿ. ಒಟ್ಟು ಎಷ್ಟು ಒತ್ತು ಎಂಬುದು ಫೆರುಲ್‌ನ ಅಳತೆ ಮತ್ತು ನಿಮ್ಮ ಅಚ್ಚಿನ ಅಗಲದ ಮೇಲೆ. ಫೆರುಲ್ ಜೊತೆ ಬರುವ ಚಾರ್ಟ್ ನೋಡಿ. ಪ್ರತಿ ಒತ್ತಿನಲ್ಲೂ ಅಚ್ಚಿನ ಎರಡು ಹೋಳು ಪೂರ್ತಿ ಕೂಡಬೇಕು. ಬೋಲ್ಟ್ ಅಚ್ಚಾದರೆ ಎರಡೂ ಬೋಲ್ಟನ್ನು ಸಮಸಮ ತಿರುಗಿಸಿ.

4. ವರ್ನಿಯರ್ ಹಿಡಿದು ಒತ್ತಿದ ಫೆರುಲ್‌ನ ದಪ್ಪ ಅಳೆಯಿರಿ, ಚಾರ್ಟಿನ ಅಂಕಿಗೆ ತಾಳೆ ಮಾಡಿ. ದಪ್ಪ ಉಳಿದಿದ್ದರೆ ಒತ್ತು ಸಾಲದು. ಬಿರುಕು ಬಿಟ್ಟಿದ್ದರೆ ಕತ್ತರಿಸಿ ಹೊಸದು. ಒತ್ತಿದ ಫೆರುಲ್ ಎರಡನೇ ಸಲ ಬಳಕೆಗೆ ಬರುವುದಿಲ್ಲ.

ಎಳೆದು ನೋಡುವುದು

ಹೊಸ ತಂತಿಯ ಹೆಣಿಗೆ ಇನ್ನೂ ಕೂತಿರುವುದಿಲ್ಲ. ಮೊದಲ ಕೆಲವು ಎಳೆತಕ್ಕೆ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ತಂತಿ ಶಾಶ್ವತವಾಗಿ ಸ್ವಲ್ಪ ಉದ್ದವಾಗುತ್ತದೆ. 7×7 ರಲ್ಲಿ ನಾಲ್ಕೂವರೆ ಮೀಟರ್‌ಗೆ ಒಂದು ಸೆಂಟಿಮೀಟರ್ ದಾಟಿದರೂ ಆಶ್ಚರ್ಯವಿಲ್ಲ. ಎರಡನೇ ತುದಿಯನ್ನು ಅಷ್ಟರೊಳಗೆ ಮಾಡಿಬಿಟ್ಟರೆ ಎರಡು ಶ್ರೌಡ್ ಬೇರೆ ಬೇರೆ ಉದ್ದಕ್ಕೆ ಬರುತ್ತವೆ. ಆದ್ದರಿಂದ ಮೊದಲು ಎಳೆಯೋಣ.

ಕಲಬುರಗಿಯಲ್ಲಿ ಇದಕ್ಕೊಂದು ಅನುಕೂಲ ಇದೆ. ತೊಗರಿ ಚೀಲ ತೂಗುವ ನೇತು ತಕ್ಕಡಿ, 300–500 ಕೆ.ಜಿ.ಯ ಡಿಜಿಟಲ್ ಕ್ರೇನ್ ಸ್ಕೇಲ್, ದಲಾಲಿ ಅಂಗಡಿಗಳಲ್ಲಿ ಸಾಮಾನ್ಯ. ಪರಿಚಯದ ಅಡತಿಯವರಿಂದ ಸುಗ್ಗಿ ಇಲ್ಲದ ದಿನ ಒಂದು ಮಧ್ಯಾಹ್ನಕ್ಕೆ ತನ್ನಿ. ಗ್ಯಾರೇಜಿನಿಂದ ಸಣ್ಣ ಚೈನ್ ಪುಲ್ಲಿ. ಎರಡು ಗಟ್ಟಿ ಬೇವಿನ ಮರಗಳ ಬುಡ, ಇಲ್ಲವೇ ಒಂದು ಮರ ಮತ್ತು ಬ್ರೇಕ್ ಹಾಕಿ ಗಾಲಿಗೆ ಕಲ್ಲು ಕೊಟ್ಟ ಟ್ರ್ಯಾಕ್ಟರ್. ಮಾಳಿಗೆಯ ಪ್ಯಾರಾಪೆಟ್ ಗೋಡೆಗೆ ಮಾತ್ರ ಕಟ್ಟಬೇಡಿ, ಗೋಡೆ ಕೆಳಗೆ ಬರುತ್ತದೆ.

ಮುಗಿದ ತುದಿಯ ಥಿಂಬಲ್‌ಗೆ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಯು ಆಕಾರದ ಕೊಂಡಿ) ಹಾಕಿ ಒಂದು ಕಡೆ ಕಟ್ಟಿ. ಇನ್ನೊಂದು ತುದಿಯ ಹೆಚ್ಚುವರಿ ಅರ್ಧ ಮೀಟರ್‌ನ ಕೊನೆಯಲ್ಲಿ ತಾತ್ಕಾಲಿಕ ಕುಣಿಕೆ ಮಾಡಿ ಮೂರು ಬುಲ್‌ಡಾಗ್ ಕ್ಲಿಪ್ ಬಿಗಿಯಿರಿ. ಕ್ಲಿಪ್ಪಿನ ಹಲ್ಲಿರುವ ದಿಮ್ಮಿ ಭಾರ ಹೊರುವ ಉದ್ದ ತಂತಿಯ ಮೇಲೆ, ಯು ಬೋಲ್ಟ್ ತುಂಡು ತುದಿಯ ಮೇಲೆ. ಉಲ್ಟಾ ಹಾಕಿದರೆ ಯು ಬೋಲ್ಟ್ ಭಾರದ ತಂತಿಯನ್ನೇ ಕಚ್ಚಿ ಜಜ್ಜುತ್ತದೆ. ಕ್ಲಿಪ್‌ಗಳ ನಡುವೆ ತಂತಿಯ ದಪ್ಪದ ಆರು ಪಟ್ಟು ಅಂತರ. ತಕ್ಕಡಿಯನ್ನು ಅಡ್ಡ ಮಲಗಿಸಿದ ಮೇಲೆ ಸೊನ್ನೆ ಮಾಡಿಕೊಳ್ಳಿ.

50 ಕೆ.ಜಿ.ಗೆ ಎಳೆದು ನಿಲ್ಲಿಸಿ, ಕ್ಲಿಪ್ ಮತ್ತೊಮ್ಮೆ ಬಿಗಿಯಿರಿ. ಆಮೇಲೆ ತಂತಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಹರಿದರೆ ಅದು ಹಾರಾಟ ತಗ್ಗಿಸುತ್ತದೆ. ಮಕ್ಕಳನ್ನು, ನೋಡಲು ಬಂದವರನ್ನು ದೂರ ಕಳಿಸಿ. ತಂತಿಯ ಸಾಲಿನಲ್ಲಿ ಯಾರೂ ನಿಲ್ಲಬಾರದು, ಪುಲ್ಲಿ ಎಳೆಯುವವರು ಪಕ್ಕಕ್ಕೆ ನಿಲ್ಲಲಿ. 200ಕ್ಕೆ ಏರಿಸಿ, ಐದು ನಿಮಿಷ ಬಿಟ್ಟು, ಇಳಿಸಿ. ಮತ್ತೆ ಏರಿಸಿ. ಎರಡು ಸಲದ ಅಳತೆ ಒಂದೇ ಬರುವವರೆಗೆ ಮಾಡಿ. ಈಗ 30 ಕೆ.ಜಿ. ಎಳೆತದಲ್ಲಿ ಬಿಟ್ಟು, ಎರಡನೇ ಥಿಂಬಲ್‌ನ ಒಳಕಮಾನು ಬರಬೇಕಾದ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ.

ಕಳಚಿ, ಎರಡನೇ ಥಿಂಬಲ್ ಕೂರಿಸಿ, ಮೊದಲಿನಂತೆಯೇ ಒತ್ತಿ. ತುದಿಯ ಬಾಲವನ್ನು ಫೆರುಲ್‌ನಿಂದ ಎರಡು ಮೂರು ಮಿ.ಮೀ. ಬಿಟ್ಟು ಕತ್ತರಿಸಿದಾಗ ಕ್ಲಿಪ್ ಕಚ್ಚಿದ ಭಾಗವೂ ಹೋಗಬೇಕು. ಉಳಿಸಿದ ಅರ್ಧ ಮೀಟರ್ ಇದಕ್ಕೇ. ಈಗ ಪೂರ್ತಿ ತಯಾರಾದ ಶ್ರೌಡನ್ನು 220–250 ಕೆ.ಜಿ.ಗೆ ಒಮ್ಮೆ ಎಳೆದು ಐದು ನಿಮಿಷ ನಿಲ್ಲಿಸಿ. ಎಳೆಯುವ ಮೊದಲು ಫೆರುಲ್‌ನ ಬಾಯಲ್ಲಿ ತಂತಿಯ ಮೇಲೆ ಒಂದು ಗೆರೆ ಹಾಕಿರಿ. ಗೆರೆ ಫೆರುಲ್‌ನಿಂದ ದೂರ ಸರಿದಿದ್ದರೆ ತಂತಿ ಜಾರಿದೆ. ಆ ತುದಿ ತಿರಸ್ಕಾರ.

ಎರಡನೇ ಶ್ರೌಡನ್ನು ಟೇಪ್ ನೋಡಿ ಮಾಡುವುದಕ್ಕಿಂತ ಮೊದಲನೆಯದನ್ನೇ ಮಾದರಿ ಮಾಡಿಕೊಳ್ಳಿ. ಎರಡನ್ನೂ ಒಂದೇ ಬೋಲ್ಟಿಗೆ ತಗುಲಿಸಿ ಪಕ್ಕಪಕ್ಕ ಎಳೆದಾಗ ವ್ಯತ್ಯಾಸ 2 ಮಿ.ಮೀ. ಮೀರದಿದ್ದರೆ ಸಾಕು. ಫೋರ್‌ಸ್ಟೇಗೆ ಇಷ್ಟು ನಿಖರತೆ ಬೇಡ. ಮುಂದಿನ ಹಾಯಿಯ ಅಂಚಿನಲ್ಲೇ ತಂತಿ ಇರುವ ದೋಣಿಗಳಲ್ಲಿ, ಆ ಹಾಯಿ ಏರಿಸಿ ಬಿಗಿದಾಗ ಭಾರವೆಲ್ಲ ಅದರ ಮೇಲೆ ಹೋಗಿ ಫೋರ್‌ಸ್ಟೇ ಸಡಿಲಾಗುತ್ತದೆ. ಅದರ ಕೆಲಸ ಹಾಯಿ ಇಳಿಸಿದಾಗ ಕಂಬ ಹಿಂದೆ ಬೀಳದಂತೆ ಹಿಡಿಯುವುದು. ಕೆಳತುದಿಗೆ ಗಟ್ಟಿ ಹಗ್ಗದ ನಾಲ್ಕೈದು ಸುತ್ತು ಹಾಕಿ ಕಟ್ಟಿದರೂ ನಡೆಯುತ್ತದೆ.

1×19 ಹಿಡಿದವರಿಗೆ

ಅವರಿಗೆ ಫೆರುಲ್‌ಗಿಂತ ಕೋನ್ ಇರುವ ಮೆಕ್ಯಾನಿಕಲ್ ಟರ್ಮಿನಲ್ ಸೂಕ್ತ. ತರಿಸಿಕೊಳ್ಳಬೇಕು, ದುಬಾರಿ, ಆದರೆ ಎರಡು ಸ್ಪ್ಯಾನರ್ ಸಾಕು. ಟರ್ಮಿನಲ್‌ನ ಕೊಳವೆಯನ್ನು ತಂತಿಗೆ ಏರಿಸಿ, ಹೊರಗಿನ ಹನ್ನೆರಡು ಎಳೆಗಳನ್ನು ಬಿಡಿಸಿ, ಒಳಗಿನ ಏಳರ ತಿರುಳಿಗೆ ಕೋನ್ ತೊಡಿಸಿ. ತಿರುಳು ಕೋನ್‌ನಿಂದ ಒಂದೂವರೆ–ಎರಡು ಮಿ.ಮೀ. ಮೇಲೆ ಕಾಣಲಿ. ಹೊರ ಎಳೆಗಳನ್ನು ಮೊದಲಿನ ತಿರುವಿನಲ್ಲೇ ಕೋನ್ ಸುತ್ತ ಸಮವಾಗಿ ಕೂರಿಸಿ, ಕೊಳವೆ ಮೇಲಕ್ಕೆ ಎಳೆದು ತಲೆ ಬಿಗಿಯಿರಿ. ಆಮೇಲೆ ಬಿಚ್ಚಿ ನೋಡುವುದು ಕಡ್ಡಾಯ: ಎಳೆಗಳು ಒಂದರ ಮೇಲೊಂದು ಹತ್ತಿದ್ದರೆ, ಕೋನ್‌ನ ಸೀಳಿನೊಳಗೆ ಒಂದು ಎಳೆ ಜಾರಿದ್ದರೆ ಬಿಡಿಸಿ ಮತ್ತೆ. ಸರಿಯಾಗಿದ್ದರೆ ಒಳಗೆ ಸೀಲೆಂಟ್ ತುಂಬಿ, ತಿರುಪಿನ ಸುತ್ತಿಗೆ ಥ್ರೆಡ್‌ಲಾಕ್ ಅಂಟು ಹಾಕಿ ಕೊನೆಯ ಸಲ ಬಿಗಿಯಿರಿ. ಮುಂದಿನ ಬದಲಾವಣೆಗೆ ಕೋನ್ ಹೊಸದು ಬೇಕು, ಉಳಿದದ್ದು ಮತ್ತೆ ಬಳಸಬಹುದು.

ಕಂಬ ಎತ್ತುವ ಮೊದಲು ಮೇಲೆ ನೋಡಿ

ಜಲಾಶಯದ ದಂಡೆಗಳಲ್ಲಿ ಪಂಪ್‌ಸೆಟ್ಟಿನ ಲೈನ್‌ಗಳು, 11 ಕೆ.ವಿ. ತಂತಿಗಳು ಹೊಲದ ಮೇಲೆ ಜೋತುಬಿದ್ದು ಹೋಗಿರುತ್ತವೆ. ಟ್ರೇಲರ್ ಮೇಲೆ ದೋಣಿ, ಅದರ ಮೇಲೆ 6 ಮೀಟರ್‌ನ ಅಲ್ಯುಮಿನಿಯಂ ಕಂಬ. ನೆಲದಿಂದ 7 ಮೀಟರ್. ಕಂಬಕ್ಕೂ ನಿಮ್ಮ ಕೈಲಿರುವ ಶ್ರೌಡ್‌ಗೂ ನಡುವೆ ಕರೆಂಟು ತಡೆಯುವಂಥದ್ದು ಏನೂ ಇಲ್ಲ. ಕಂಬ ನಿಲ್ಲಿಸುವ ಜಾಗದಿಂದ ನೀರಿಗಿಳಿಸುವ ಜಾಗದವರೆಗೆ ಮೊದಲು ನಡೆದು, ತಲೆ ಎತ್ತಿ ನೋಡಿ. ಒಂದು ಲೈನ್ ಅಡ್ಡ ಇದ್ದರೂ ಕಂಬ ಮಲಗಿಸಿಯೇ ದಾಟಿಸಿ, ನೀರಂಚಿನಲ್ಲಿ ನಿಲ್ಲಿಸಿ. ಏಪ್ರಿಲ್–ಮೇ ಸಂಜೆ ಗುಡುಗು ಕೇಳಿಸಿದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಸಿ. ನೀರಿಗಿಳಿಸಲು ನೀರಾವರಿಯವರ ಅನುಮತಿ ಬೇಕೆಂಬುದೂ ನೆನಪಿರಲಿ.

ಕಟ್ಟುವುದು

ಬೆಳಗ್ಗೆ ಗಾಳಿ ಏಳುವ ಮೊದಲು ಮೂವರು ಸೇರಿ. ಕಂಬ ಮಲಗಿರುವಾಗಲೇ ಮೂರೂ ತಂತಿಗಳ ಮೇಲ್ತುದಿ ಸೇರಿಸಿ. ಸ್ಟೇನ್‌ಲೆಸ್ ಪಟ್ಟಿ ಅಲ್ಯುಮಿನಿಯಂ ಕಂಬಕ್ಕೆ ನೇರ ತಾಗುವಲ್ಲಿ ತೆಳು ನೈಲಾನ್ ವಾಷರ್ ಕೊಡಿ, ಇಲ್ಲದಿದ್ದರೆ ವರ್ಷಗಳಲ್ಲಿ ಕಂಬದ ತೂತು ಸವೆದು ದೊಡ್ಡದಾಗುತ್ತದೆ. ಮೇಲಿನ ಜೋಡಣೆ ಎಲ್ಲ ದಿಕ್ಕಿಗೂ ಸರಾಗ ಅಲುಗಾಡಬೇಕು. ಅಲ್ಲಿ ಹಿಡಿದುಕೊಂಡರೆ ತಂತಿಯ ಬಾಯಿ ಬಗ್ಗತೊಡಗುತ್ತದೆ, ಮತ್ತೆ ಅದೇ ಎರಡಿಂಚು.

ಒಬ್ಬರು ಬುಡ ಒತ್ತಿ ಹಿಡಿಯಲಿ, ಒಬ್ಬರು ಎತ್ತಲಿ, ಮೂರನೆಯವರು ಫೋರ್‌ಸ್ಟೇ ಎಳೆದು ಕಟ್ಟಲಿ. ತಂತಿಯ ತುದಿ ಹಿಡಿಸುವ ಕ್ಲೆವಿಸ್ ಪಿನ್‌ಗಳು ಜಾರದಂತೆ ಹಾಕುವ ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದು. ಅದರ ಕಾಲನ್ನು ಸುರುಳಿ ಸುತ್ತಬೇಡಿ, 20 ಡಿಗ್ರಿ ಅಗಲಿಸಿದರೆ ಸಾಕು. ಬೇಕಾದಾಗ ಇಕ್ಕಳದಲ್ಲಿ ಒಂದೇ ಎಳೆತಕ್ಕೆ ಬರಬೇಕು. ಹಾಯಿಗೆ, ಕಾಲಿಗೆ ಚುಚ್ಚದಂತೆ ಪಿನ್ನಿನ ಮೇಲಷ್ಟೇ ಒಂದು ಸುತ್ತು ಟೇಪ್. ಫೆರುಲ್ ಮೇಲೆ ಬೇಡ.

ಟರ್ನ್‌ಬಕಲ್‌ನ ತಿರುಪಿಗೆ ಮೊದಲೇ ತೆಳುವಾಗಿ ಗ್ರೀಸ್ ಒರೆಸಿ. ಒಣ ಸ್ಟೇನ್‌ಲೆಸ್ ತಿರುಪನ್ನು ಭಾರದಲ್ಲಿ ತಿರುಗಿಸಿದರೆ ಒಂದಕ್ಕೊಂದು ಕಚ್ಚಿ ಬೆಸುಗೆಯಾದಂತೆ ಹಿಡಿದುಬಿಡುತ್ತದೆ, ಆಮೇಲೆ ಗರಗಸವೇ ಗತಿ. ಹೆಚ್ಚು ಬಳಿದರೆ ಬೀದರಿನ ಕೆಮ್ಮಣ್ಣಿನ ಧೂಳು ಅಂಟಿ ಅರದಂತೆ ಉಜ್ಜುತ್ತದೆ.

ಬಿಗಿತ

ಮೊದಲು ಅಡ್ಡ. ಕಂಬದ ತುದಿಯಿಂದ ಎರಡೂ ಚೈನ್‌ಪ್ಲೇಟಿಗೆ ಟೇಪಿನ ಅಳತೆ ಸಮ ಬರುವವರೆಗೆ ಹೊಂದಿಸಿ. ಆಮೇಲೆ ಹಿಂದಿನ ವಾಲು: ಬರೆದಿಟ್ಟ ಹಳೆಯ ಅಂಕಿಗೆ ತನ್ನಿ. ಕೊನೆಗೆ ಬಿಗಿತ, ಎರಡು ಬದಿಗೂ ಅರ್ಧರ್ಧ ಸುತ್ತು ಸಮಸಮವಾಗಿ. ಕಂಬದ ಹಿಂದಿನ ತೋಡಿಗೆ ಕಣ್ಣಿಟ್ಟು ಕೆಳಗಿನಿಂದ ನೋಡಿ. ಗೆರೆ ಅಡ್ಡಕ್ಕೆ ಬಾಗಿದ್ದರೆ ಒಂದು ಬದಿ ಹೆಚ್ಚಾಗಿದೆ.

ಎಷ್ಟು ಬಿಗಿಯಬೇಕು ಎಂಬುದಕ್ಕೆ ಟೆನ್ಷನ್ ಗೇಜ್ ಇಲ್ಲದವರಿಗೆ ಒಂದು ಉಪಾಯ. 1×19 ತಂತಿ ಪ್ರತಿ 2 ಮೀಟರ್‌ಗೆ 1 ಮಿ.ಮೀ. ಹಿಗ್ಗಿದರೆ ಅದು ತುಂಡಾಗುವ ಬಲದ ಶೇಕಡ 5ರಷ್ಟು ಎಳೆತ. ಸಡಿಲ ಇರುವಾಗ 2 ಮೀಟರ್‌ಗೆ ಗುರುತು ಹಾಕಿ, ಬಿಗಿದ ಮೇಲೆ ಗುರುತು ಎಷ್ಟು ಸರಿಯಿತು ನೋಡಿ. 3 ಮಿ.ಮೀ. ತಂತಿಗೆ 2 ಮಿ.ಮೀ. ಸರಿದರೆ 70 ಕೆ.ಜಿ. ಹಳೆಯ ಫೈಬರ್ ಒಡಲಿಗೆ ದಂಡೆಯ ಮೇಲೆ ಅಷ್ಟು ಸಾಕು. ಇನ್ನೂ ಬಿಗಿದರೆ ಕಂಬ ತನ್ನ ಬುಡವನ್ನೇ ಒತ್ತಿ ಒಡಲು ಬಾಗಿಸುತ್ತದೆ. 7×7 ಹೆಚ್ಚು ಹಿಗ್ಗುವುದರಿಂದ ಈ ಅಂಕಿ ಅದಕ್ಕೆ ಹೊಂದುವುದಿಲ್ಲ. ಅಲ್ಲಿ ನೀರಿನ ಮೇಲೆಯೇ ತೀರ್ಮಾನ: ಒಳ್ಳೆಯ ಗಾಳಿಯಲ್ಲಿ ಮರೆ ಬದಿಯ ಶ್ರೌಡ್ ಸ್ವಲ್ಪ ಸಡಿಲ ಕಾಣಬೇಕು, ಆದರೆ ಜೋತಾಡಬಾರದು. ಜೋತಾಡಿದರೆ ಎರಡೂ ಬದಿ ಒಂದೊಂದು ಸುತ್ತು.

ನಮ್ಮ ಬಿಸಿಲಿನ ಲೆಕ್ಕವೂ ಇದರಲ್ಲಿ ಸೇರುತ್ತದೆ. ಅಲ್ಯುಮಿನಿಯಂ ಸ್ಟೇನ್‌ಲೆಸ್‌ಗಿಂತ ಹೆಚ್ಚು ಹಿಗ್ಗುತ್ತದೆ. ಬೆಳಗಿನ 20 ಡಿಗ್ರಿಯಲ್ಲಿ ಬಿಗಿದ 6 ಮೀಟರ್ ಕಂಬ ಮಧ್ಯಾಹ್ನದ 42ಕ್ಕೆ ಅಷ್ಟೇ ಉದ್ದದ ತಂತಿಗಿಂತ ಸುಮಾರು 1 ಮಿ.ಮೀ. ಹೆಚ್ಚು ಬೆಳೆದಿರುತ್ತದೆ, ಅಷ್ಟು ಬಿಗಿತ ತಾನಾಗಿ ಏರುತ್ತದೆ. ಅಪಾಯವಿಲ್ಲ, ಆದರೆ ಬೇಸಿಗೆ ಮಧ್ಯಾಹ್ನ ಹೊಂದಿಸಿದ್ದು ಡಿಸೆಂಬರ್ ಬೆಳಗ್ಗೆ ಸಡಿಲ ಎನಿಸಿದರೆ ತಂತಿಯನ್ನು ದೂರಬೇಡಿ.

ಆಮೇಲೆ

ಮೊದಲ ಸಲ ಹಗುರ ಗಾಳಿಯಲ್ಲಿ ದಂಡೆಯ ಹತ್ತಿರವೇ ಎರಡು ತಾಸು ಓಡಿಸಿ, ಇಳಿದು ಮತ್ತೆ ಹೊಂದಿಸಿ, ಟರ್ನ್‌ಬಕಲ್‌ಗಳಿಗೆ ಲಾಕ್ ಪಿನ್ ಹಾಕಿ. ಪಿನ್ ಇಲ್ಲದ ಟರ್ನ್‌ಬಕಲ್ ಅದುರಿಗೆ ತಾನೇ ಬಿಚ್ಚಿಕೊಳ್ಳುತ್ತದೆ.

ಸಾಗಿಸುವಾಗ ತಂತಿಗಳನ್ನು ಕಂಬಕ್ಕೆ ಅಡಿಗೊಂದು ಕಡೆ ಬಟ್ಟೆಪಟ್ಟಿಯಲ್ಲಿ ಕಟ್ಟಿ, ತುದಿಗಳು ಜೋತಾಡದಂತೆ. ಟ್ರೇಲರ್ ಚೌಕಟ್ಟಿಗೆ ಫೆರುಲ್ ಬಡಿಯುತ್ತಿದ್ದರೆ ಜಲಾಶಯದಲ್ಲಿ ಸವೆಯುವುದಕ್ಕಿಂತ ಬೇಗ ರಸ್ತೆಯಲ್ಲೇ ಸವೆಯುತ್ತದೆ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಅರಳೆ ಎಳೆಯಿರಿ, ಆರು ತುದಿಗಳನ್ನೂ ಭೂತಗನ್ನಡಿಯಲ್ಲಿ ನೋಡಿ. ತಂತಿ ಕಟ್ಟಿದ ತಿಂಗಳು, ವರ್ಷ, ದರ್ಜೆಯನ್ನು ಕಂಬದ ಬುಡದಲ್ಲಿ ಪೇಂಟ್ ಮಾರ್ಕರ್‌ನಿಂದ ಬರೆದಿಡಿ. ದೋಣಿ ಮಾರಿದರೆ ಕೊಂಡವರಿಗೆ ತಂತಿಯ ವಯಸ್ಸು ಗೊತ್ತಿರುತ್ತದೆ.

ದೋಣಿಯ ಡಬ್ಬಿಯಲ್ಲಿ ಎರಡು ಶ್ಯಾಕಲ್, ನಾಲ್ಕು ಸ್ಪ್ಲಿಟ್ ಪಿನ್, ಇಕ್ಕಳ, ಶ್ರೌಡ್‌ನಷ್ಟು ಉದ್ದದ ಹಿಗ್ಗದ ಹಗ್ಗ ಇರಲಿ. ನೀರಿನ ನಡುವೆ ಗಾಳಿ ಬದಿಯ ಶ್ರೌಡ್ ಹರಿದರೆ ತಕ್ಷಣ ದೋಣಿ ತಿರುಗಿಸಿ ಆ ಬದಿಯನ್ನು ಮರೆಗೆ ತನ್ನಿ, ಭಾರ ಒಳ್ಳೆಯ ತಂತಿಗೆ ಹೋಗುತ್ತದೆ. ಹಾಯಿ ಇಳಿಸಿ, ಬಿಡುವಾದ ಹಾಯಿ ಏರಿಸುವ ಹಗ್ಗವನ್ನು ಹರಿದ ಬದಿಯ ಚೈನ್‌ಪ್ಲೇಟಿಗೆ ಎಳೆದು ಕಟ್ಟಿ, ಹುಟ್ಟು ಹಾಕಿಕೊಂಡು ದಂಡೆ ಸೇರಿ.